ಎಂಟು ಅಂಗಡಿಗೆ ಒಂದೇ ಹಂಡೆ

ಲೈಸನ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ನಮ್ಮ ಮನೆಗೆ ಬಂದಿದ್ದರು. "ಈ ಕೆಲಸದಾಗ ಏನ ಕಲೀಬೇಕು ಹೇಳ್ರಿ" ಎಂದರು. "ಮೊದಲ ಚಹಾ ಕುಡಿಯೂದು ಕಲೀರಿ" ಎಂದೆ. ಮುದುಕ ಚೇಷ್ಟೆ ಮಾಡುತ್ತಾನೆ ಅಂದುಕೊಂಡು ನಕ್ಕರು, ಕಪ್ಪು ಖಾಲಿ ಮಾಡಿ ಹೋದರು. ಅವರು ಹೋದ ಮೇಲೆ ನನಗೇ ಕೆಟ್ಟದೆನಿಸಿತು. ನಾನು ಚೇಷ್ಟೆಗೆ ಹೇಳಿರಲಿಲ್ಲ. ಒಂದೇ ಮುಂಜಾನೆ ಒಂಬತ್ತು ಕಪ್ಪು ಚಹಾ ಕುಡಿದು ನೌಕರಿ ಕಳೆದುಕೊಳ್ಳುವ ಹಂತಕ್ಕೆ ಬಂದವನು ನಾನು. ನನ್ನ ಜೊತೆಗೆ ಒಬ್ಬ ಹೆಣ್ಣುಮಗಳ ಅನ್ನವನ್ನೂ ಕಳೆಯುವುದರಲ್ಲಿದ್ದೆ. ಅದನ್ನು ಬರೆದಿಟ್ಟರೆ ಆ ಇಬ್ಬರಿಗಾದರೂ ಉಪಯೋಗವಾದೀತು.

ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲುಗಳ ಸಂಗತಿ ಬೇಡ. ಶಾಲು ಹೊದ್ದವರೆಲ್ಲ ಒಂದೇ ರೀತಿ ಕಾಣುತ್ತಾರೆ. ಮಾಡಿದ ತಪ್ಪು ಮಾತ್ರ ಪ್ರತಿಯೊಬ್ಬರದೂ ಬೇರೆ ಬೇರೆ.

ಅದು ಎಪ್ಪತ್ತರ ದಶಕದ ನಡುವಿನ ಮಾತು. ಇಂದಿನ ವಿಜಯಪುರ ಆಗ ವಿಜಾಪುರ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ವರ್ಷವಾಗಿದ್ದರೂ ನಮ್ಮ ಕಚೇರಿಯ ರಬ್ಬರ್ ಮೊಹರು ಮಾತ್ರ ಮೈಸೂರು ರಾಜ್ಯದಲ್ಲೇ ಉಳಿದಿತ್ತು. ಮೊದಲು ಮೈಸೂರು ಒತ್ತಬೇಕು, ಆಮೇಲೆ ಪೆನ್ನಿನಿಂದ ಅದನ್ನು ಹೊಡೆದು ಕರ್ನಾಟಕ ಬರೆಯಬೇಕು. ನಾನು ಕಾಖಂಡಕಿಯಿಂದ ಬಂದವನು, ನೌಕರಿ ಹತ್ತಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಸೈಕಲ್ಲು, ಒಂದು ಖಾಕಿ ಚೀಲ, ಎರಡು ಕಾರ್ಬನ್ ಹಾಳೆ ಕೊಟ್ಟು ನನ್ನನ್ನು ಲೈಸನ್ಸ್ ಇನ್ಸ್‌ಪೆಕ್ಟರ್ ಎಂದು ಕರೆದರು. ಊರಿನವರು ಈರಪ್ಪ ಸಾಹೇಬ್ರು ಎಂದರು. ಸಾಹೇಬ್ರು ಅನ್ನುವ ಮಾತು ಕಿವಿಗೆ ಬಿದ್ದ ದಿನದಿಂದ ನನ್ನ ತಲೆ ಕುತ್ತಿಗೆಯ ಮೇಲೆ ನೆಟ್ಟಗೆ ನಿಲ್ಲಲಿಲ್ಲ.

ಅಂಗಡಿಗಳ ನಿಯಮಗಳೆಲ್ಲ ಒಂದು ದಪ್ಪ ಇಂಗ್ಲಿಷ್ ಪುಸ್ತಕದಲ್ಲಿದ್ದವು. ನಮ್ಮ ಟೈಪಿಸ್ಟ್ ಗಿಡ್ಡ ಆಳು. ಕುರ್ಚಿಯಲ್ಲಿ ಕುಳಿತರೆ ಅವನ ಕೈ ಯಂತ್ರಕ್ಕೆ ಎಟುಕುತ್ತಿರಲಿಲ್ಲ. ಆದ್ದರಿಂದ ಆ ಪುಸ್ತಕವನ್ನು ಕುರ್ಚಿಯ ಮೇಲಿಟ್ಟುಕೊಂಡು ಅದರ ಮೇಲೆ ಕೂರುತ್ತಿದ್ದ. ನಿಯಮ ನೋಡಬೇಕಾದವರು ಅವನನ್ನು ಎಬ್ಬಿಸಬೇಕು. ಎಬ್ಬಿಸಿದರೆ ಅವನಿಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನಮ್ಮ ಪ್ರವಾಸದ ಬಿಲ್ಲು ಟೈಪಾಗುವುದಿಲ್ಲ. ಆದಕಾರಣ ಯಾರೂ ಎಬ್ಬಿಸುತ್ತಿರಲಿಲ್ಲ.

ಆ ಬೇಸಿಗೆಯ ಮೊದಲಿಗೆ ಹೊಸ ಅಧಿಕಾರಿ ಬಂದರು. ನರಸಿಂಹಯ್ಯ ಎಂದು ಅವರ ಹೆಸರು, ಮೈಸೂರು ಕಡೆಯವರು. ಬಿಳಿ ಶರ್ಟು, ಕಪ್ಪು ಕೊಡೆ, ಬಾಯಲ್ಲಿ ಪಠ್ಯಪುಸ್ತಕದ ಕನ್ನಡ. ಊರಲ್ಲಿ ವಾಂತಿಭೇದಿ ಶುರುವಾಗಿತ್ತು. ಸಾಹೇಬರು ನನ್ನನ್ನು ಕರೆದು, "ನೋಡಿ ಈರಪ್ಪನವರೇ, ಚಹಾದಂಗಡಿ, ಖಾನಾವಳಿಗಳಲ್ಲಿ ಕುಡಿಯುವ ನೀರಿಗೆ ಕೈ ಅದ್ದಬಾರದೆಂದು ನಿಯಮವಿದೆಯಂತೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಿಂದಲೇ ಆರಂಭಿಸೋಣ. ನಿಯಮ ನೋಡಿ ನೋಟೀಸು ಕೊಡಿ" ಎಂದರು.

ನಿಯಮ ನೋಡಿ ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಹೊರಗೆ ಬಂದೆ. ಟೈಪಿಸ್ಟ್ ಕುಳಿತಿದ್ದ. ಪಡಸಾಲೆಯಲ್ಲಿ ನಮ್ಮ ಕಚೇರಿಯ ನೀರಿನ ಹಂಡೆ ಇತ್ತು: ತಾಮ್ರದ್ದು, ಮೇಲೆ ಮುಚ್ಚಳ, ಕೆಳಗೆ ನಳ. ನಿಯಮದ ಹಂಡೆ ಇಂಥದ್ದೇ ಇರಬೇಕೆಂದು ನಾನೇ ತೀರ್ಮಾನಿಸಿ, ಅಲ್ಲೇ ಕಂಬಕ್ಕೆ ಕಾಗದ ಒತ್ತಿ ಹಿಡಿದು ಬರೆದೆ: 'ಹದಿನೈದು ದಿನದೊಳಗೆ ತಾಮ್ರದ ಅಥವಾ ಹಿತ್ತಾಳೆಯ, ಮುಚ್ಚಳ ಹಾಗೂ ನಳವುಳ್ಳ ಹಂಡೆಯಲ್ಲಿ ನೀರು ಇಡತಕ್ಕದ್ದು. ತಪ್ಪಿದಲ್ಲಿ ಪರವಾನಗಿ ರದ್ದು.' 'ಇಡತಕ್ಕದ್ದು' ಎಂದು ಬರೆದಾಗ ಬಹಳ ಸುಖವಾಯಿತು.

ಆ ಓಣಿಯಲ್ಲಿ ಒಂಬತ್ತು ಅಂಗಡಿ. ಚಹಾದವು, ಮಿರ್ಚಿ ಭಜಿಯವು, ಚುರಮುರಿಯವು ಸೇರಿ ಎಂಟು, ಕೊನೆಯ ತಿರುವಿನಲ್ಲಿ ಮಲ್ಲವ್ವನ ಖಾನಾವಳಿ. ಹಳೆಯ ಮನೆಗಳು, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡು ನಿಂತಿದ್ದವು. ಮಣ್ಣಿನ ಮಾಳಿಗೆಗಳು ಸೇರಿ ಮೇಲೆ ಒಂದೇ ಬಯಲಾಗಿತ್ತು. ಪ್ರತಿ ಮಾಳಿಗೆಯಲ್ಲೂ ಒಂದು ಬೆಳಕಿಂಡಿ, ಕೆಳಗಿನ ಕೋಣೆಗೆ ಬಿಸಿಲು ಬರಲೆಂದು. ಓಣಿಯ ಮೇಲಿನ ತುದಿಗೆ ಕಾಸೀಮಸಾಬನ ಕಲಾಯಿ ಅಂಗಡಿ. ಪಾತ್ರೆಗಳಿಗೆ ತವರದ ಕಲಾಯಿ ಹಾಕುವುದು ಅವರ ಅಜ್ಜನ ಕಾಲದಿಂದ ಬಂದ ಕಸುಬು. ನೀರಿನ ನಿಯಮ ಅವನಿಗೆ ತಾಗುತ್ತಿರಲಿಲ್ಲ. ಆದರೂ ಓಣಿಯ ಯಾವ ಕೆಲಸದಲ್ಲೂ ಅವನ ಕೈ ಇಲ್ಲದೆ ಇರುತ್ತಿರಲಿಲ್ಲ.

ಹದಿನೈದು ದಿನ ಕಳೆಯಿತು. ನಾನು ಖಾಕಿ ಚೀಲ ಏರಿಸಿಕೊಂಡು ತಪಾಸಣೆಗೆ ಹೋದೆ. ಮೊದಲ ಅಂಗಡಿಯಲ್ಲಿ ತಾಮ್ರದ ಹಂಡೆ ಫಳಫಳ ಹೊಳೆಯುತ್ತಿತ್ತು. ನಳ ತಿರುಗಿಸಿ ನೀರು ಕುಡಿದೆ. ಸಿಹಿ ನೀರು. ಚಹಾ ಕೊಟ್ಟರು, ಕುಡಿದೆ. 'ಖುದ್ದಾಗಿ ನೋಡಿ ಖಾತ್ರಿ ಮಾಡಿಕೊಳ್ಳಲಾಗಿದೆ' ಎಂದು ಕಾರ್ಬನ್ ಇಟ್ಟು ಬರೆದು ಸಹಿ ಹಾಕಿದೆ. ಎರಡನೆಯ ಅಂಗಡಿಗೆ ಹೋದರೆ, "ಸಾಹೇಬ್ರ, ಮೊದಲ ಒಂದ ಕಪ್ಪ ಚಹಾ ತಗೋರಿ, ಹಂಡೇ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು. ಅದು ಓಡಿಯೇ ಬರುತ್ತಿತ್ತು ಎಂಬುದು ನನಗೇನು ಗೊತ್ತು! ಬಿಸಿ ಚಹಾ ಊದಿ ಊದಿ ಕುಡಿಯುವಷ್ಟರಲ್ಲಿ ಒಳಗಿನ ಕೋಣೆಯಿಂದ ಕರೆಯುತ್ತಿದ್ದರು, "ಬರ್ರಿ, ನೋಡ್ರಿ ನಿಮ್ಮ ಹಂಡೇ." ಮೂರು, ನಾಲ್ಕು, ಐದು. ಆರನೆಯ ಅಂಗಡಿಯಲ್ಲಿ ಕಪ್ಪಿನೊಳಗೆ ಮೇಲಿನಿಂದ ಮಣ್ಣು ಉದುರಿತು. "ಮಾಳಗಿ ಮ್ಯಾಲ ಏನಪಾ ಸಪ್ಪಳ?" ಎಂದೆ. "ಕೋತಿ ಬಂದಾವ್ರಿ, ದೊಡ್ಡ ಕೋತಿ" ಎಂದು ಅಂಗಡಿಯವನು ಮುಖ ಬಿಗಿಹಿಡಿದು ಹೇಳಿದ.

ಎಂಟನೆಯ ಅಂಗಡಿಯಲ್ಲಿ ನನ್ನ ನಾಲಿಗೆ ಎಚ್ಚರಾಯಿತು. ನಮ್ಮ ಕಡೆಯವರಿಗೆ ಕಣ್ಣು ಮೋಸ ಮಾಡಬಹುದು, ನೀರಿನ ವಿಷಯದಲ್ಲಿ ನಾಲಿಗೆ ಮೋಸ ಮಾಡುವುದಿಲ್ಲ. ವಿಜಾಪುರದಲ್ಲಿ ಒಂದು ಬಾವಿ ಸಿಹಿಯಾದರೆ ಇಪ್ಪತ್ತು ಹೆಜ್ಜೆ ಆಚೆಯದು ಸವಳು. ಆ ಓಣಿಯ ಮೇಲಿನ ತುದಿಯವರು ಸಿಹಿ ಬಾವಿಯಿಂದ ಸೇದುತ್ತಿದ್ದರು, ಕೆಳಗಿನವರ ಪಾಲಿಗೆ ಸವಳು ಬಾವಿ. ಎಂಟನೆಯ ಅಂಗಡಿಯ ಚಹಾ ಸವಳಾಗಿತ್ತು, ಹಂಡೆಯ ನೀರು ಮಾತ್ರ ಸಿಹಿ. ಅದರ ಜೊತೆ ಹೊಸ ಕಲಾಯಿಯ ಸಣ್ಣ ಒಗರು. ಆ ಒಗರನ್ನು ನಾನು ಆ ಮುಂಜಾನೆ ಎಂಟನೆಯ ಸಲ ಕುಡಿಯುತ್ತಿದ್ದೆ.

ಬೆಳಕಿಂಡಿಯ ಕಡೆ ಕತ್ತೆತ್ತಿದೆ. ಅಲ್ಲಿ ಎರಡು ಕೈ, ಒಂದು ಹಗ್ಗ, ಹಗ್ಗದ ಹಿಂದೆ ಕಾಸೀಮಸಾಬನ ಬಿಳಿ ಗಡ್ಡ. ನನ್ನನ್ನು ಕಂಡು ಅವನು ಅಲ್ಲಿಂದಲೇ ಒಂದು ಸಲಾಮು ಹೊಡೆದ.

ನಾನು ಏನು ಮಾಡಬೇಕಾಗಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಬರೆದ ಏಳು ವರದಿ ಹರಿದು ಹಾಕಬೇಕಾಗಿತ್ತು. ಆದರೆ ಕಾರ್ಬನ್ ಪ್ರತಿಗಳಿಗೆ ನಂಬರು ಬಿದ್ದಿತ್ತು. ಹರಿದರೆ ಯಾಕೆ ಹರಿದೆ ಎಂದು ಕೇಳುತ್ತಾರೆ. ಮಾಳಿಗೆಯ ಮೇಲೆ ಹಂಡೆ ಓಡಾಡುತ್ತಿತ್ತು, ನಾನು ಕೆಳಗೆ ಚಹಾ ಕುಡಿಯುತ್ತಿದ್ದೆ ಎಂದು ಯಾವ ಬಾಯಿಂದ ಹೇಳಲಿ? ನನ್ನ ಸಾಹೇಬಗಿರಿ ಉಳಿಸಿಕೊಳ್ಳಲು ಎಂಟನೆಯದಕ್ಕೂ 'ಖುದ್ದಾಗಿ ನೋಡಿ' ಎಂದು ಬರೆದೆ. ಈ ಸಲ ನಿಜವಾಗಿಯೂ ಎಲ್ಲವನ್ನೂ ಖುದ್ದಾಗಿ ನೋಡಿದ್ದೆ.

ಒಂಬತ್ತನೆಯದು ಮಲ್ಲವ್ವನದು. ಆಕೆಯ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನೆಲದ ಮೇಲೆ ಸಾಲಾಗಿ ಮಣೆ ಹಾಕಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ ಬಡಿಸುತ್ತಿದ್ದಳು. ಮೂಲೆಯಲ್ಲಿ ಮರಳಿನ ಮೇಲೆ ಎರಡು ದೊಡ್ಡ ಹರವಿ, ಕುಡಿಯುವ ನೀರಿನ ಮಣ್ಣಿನ ಗಡಿಗೆಗಳು. ನಾನು ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಚಹಾ ಕೊಟ್ಟಳು. ಅದು ಒಂಬತ್ತನೆಯ ಕಪ್ಪು. ಮೇಲೆ ಮಾಳಿಗೆಯಲ್ಲಿ ದಡ್ ಎಂದು ಸಪ್ಪಳವಾಯಿತು, ಹಂಡೆ ಬಂದು ಕುಳಿತಿತು.

"ಹಂಡೇ ಎಲ್ಲೈತಿ ಮಲ್ಲವ್ವಾ?" ಎಂದೆ, ಏನೂ ಗೊತ್ತಿಲ್ಲದವನಂತೆ.

"ನನ್ನ ತಲೀಮ್ಯಾಲ ಕುಂತೈತಿ ನೋಡ್ರಿ. ಇಳಿಸಗೊಡಂಗಿಲ್ಲ ಅಂತ ಹೇಳೇನಿ."

"ಯಾಕ?"

"ಅದು ನಂದಲ್ಲ. ನಂದಲ್ಲದ್ದು ನಂದು ಅನ್ನಾಕ ನನ್ನ ನಾಲಿಗಿ ಹೊಳ್ಳಂಗಿಲ್ಲ. ಮತ್ತೊಂದು, ಈ ಬ್ಯಾಸಗ್ಯಾಗ ತಾಮ್ರದ ಹಂಡ್ಯಾಗ ನೀರಿಟ್ರ ಮಧ್ಯಾಹ್ನಕ್ಕ ಕಾಯ್ತಾವು. ಉಣ್ಣಾಕ ಬಂದಾಂವ ಜಳಕಾ ಮಾಡಿ ಹೋಗಬೇಕಾಗತೈತಿ. ನಮ್ಮ ಹರವಿ ನೀರ ಕುಡದ ನೋಡ್ರಿ ಒಮ್ಮಿ."

ಬೆಳಕಿಂಡಿಯಿಂದ ಕಾಸೀಮಸಾಬನ ದನಿ ಬಂತು: "ಮಲ್ಲವ್ವಾ, ಹಠಾ ಮಾಡಬ್ಯಾಡ ಬೇ, ಕೈ ಸೋತಾವು, ಇಳಸ್ತೀನಿ!"

"ಕಾಸೀಮಣ್ಣಾ, ನೀ ಇಳಿ. ಹಂಡೇ ಅಲ್ಲೇ ಇರಲಿ."

ನಾನು ಸುಳ್ಳು ಬರೆಯುತ್ತೇನೆ ಎಂದು ಕಣ್ಸನ್ನೆ ಮಾಡಿದೆ. ಆಕೆ ನನ್ನನ್ನೇ ನೋಡಿದಳು. ಬೇಡ ಎಂದು ತಲೆ ಅಲ್ಲಾಡಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ನನಗೆ ಸಿಟ್ಟು ಬಂತು. ಎಂಟು ಜನ ನನಗೆ ಮೋಸ ಮಾಡಿದಾಗ ಬರದ ಸಿಟ್ಟು, ಒಬ್ಬಳು ನಿಜ ಹೇಳಿದಾಗ ಬಂತು. 'ಹಂಡೆ ಇಲ್ಲ' ಎಂದು ಬರೆದು ಹೊರಬಿದ್ದೆ.

ಸಾಹೇಬರು ವರದಿ ನೋಡಿ ಸಂತೋಷಪಟ್ಟರು. "ಎಂಟು ಮಂದಿ ನಾಗರಿಕರು ಎಷ್ಟು ಚೆನ್ನಾಗಿ ಸಹಕರಿಸಿದ್ದಾರೆ! ಈ ಒಬ್ಬಾಕೆಗೆ ಏನು ಕಷ್ಟ?" ಎಂದು, ಮಲ್ಲವ್ವನಿಗೆ ಕೊನೆಯ ಹದಿನೈದು ದಿನ ಕೊಟ್ಟರು. ಗಡುವು ಮುಗಿಯುವುದು ಒಂದು ಸೋಮವಾರ; ಅಷ್ಟರೊಳಗೆ ಹಂಡೆ ಬರಬೇಕು, ಇಲ್ಲವೇ ಖಾನಾವಳಿಗೆ ಬೀಗ.

ನೋಟೀಸು ಕೊಡಲು ನಾನೇ ಹೋಗಬೇಕಾಯಿತು. ಆಕೆಗೆ ಓದಲು ಬರುತ್ತಿರಲಿಲ್ಲ, ಓದಿ ಹೇಳುವ ಪಾಪವೂ ನನ್ನದೇ. ಕೇಳಿ ಆಕೆ ಕೈಯಲ್ಲಿದ್ದ ಹಿಟ್ಟು ಕೊಡವಿಕೊಂಡಳು. ಅಷ್ಟರಲ್ಲಿ ಸುದ್ದಿ ತಿಕೋಟಾಕ್ಕೆ ಮುಟ್ಟಿತ್ತು. ಆಕೆಯ ತಮ್ಮ ಶಿವಲಿಂಗ ಅಲ್ಲಿ ಹೊಲ ಮಾಡಿಕೊಂಡಿದ್ದ. ಮನೆಯಲ್ಲಿ ಸಣ್ಣ ಮಕ್ಕಳು, ದನಕರ, ಕೈ ಸಾಲದು. ಅಕ್ಕ ಬಂದು ಇದ್ದರೆ ಬಿಟ್ಟಿ ಆಳು ಸಿಕ್ಕಂತೆ. ಖಾನಾವಳಿಗೆ ಬೀಗ ಬೀಳುವ ದಿನ ಎತ್ತಿನ ಚಕ್ಕಡಿ ತರುತ್ತೇನೆ ಎಂದು ಹೇಳಿ ಕಳಿಸಿದ್ದ.

"ಹೋಗೂದು ಬ್ಯಾಡ ಅಂದ್ರ ಏನ ಮಾಡ್ಲಿ?" ಎಂದಳು ಮಲ್ಲವ್ವ. "ಅಲ್ಲಿ ಮೂರ ತಿಂಗಳ ಇದ್ದ ಬಂದೇನ್ರಿ, ಇವರು ಸತ್ತಾಗ. ಎಲ್ಲಾರೂ ಉಂಡ ತಾಟ ತಿಕ್ಕಿ, ಕಡೀಕ ಉಳದದ್ದ ಉಣ್ಣೂದು. ಉಳೀಲಿಲ್ಲ ಅಂದ್ರ ನೀರ ಕುಡದ ಮಲಗೂದು. ಇಲ್ಲಿ ಯಾರೂ ನನಗ 'ಉಂಡಿ ಏನ' ಅಂತ ಕೇಳೂದಿಲ್ಲ ಖರೆ, ಆದ್ರ ನಾ ಉಣ್ಣೂದು ನನ್ನ ರೊಟ್ಟಿ."

ನಾಚಿಕೆ ಅಂದರೆ ಏನೆಂದು ನನಗೆ ಗೊತ್ತಾದದ್ದು ಆ ದಿನ. ಮಾಳಿಗೆಯ ಮೇಲೆ ಹಂಡೆ ಓಡಿಸಿದವರು ಉಳಿದರು, ಓಡಿಸುವುದಿಲ್ಲ ಎಂದವಳು ಹೋಗುವವಳಾದಳು. ನಡುವೆ ಸಹಿ ಹಾಕಿದವನು ನಾನು.

ಧೈರ್ಯ ಮಾಡಿ ಸಾಹೇಬರ ಮುಂದೆ ನಿಂತು, ಬೇಸಿಗೆಯಲ್ಲಿ ಲೋಹದ ಹಂಡೆಯ ನೀರು ಕಾಯುತ್ತದೆ, ಆ ಹೆಣ್ಣುಮಗಳಿಗೆ ಹರವಿಯಲ್ಲೇ ಇಡಲು ಬಿಡಬಾರದೇ ಎಂದೆ.

"ನಾನು ಬಿಡುವುದೇನು, ಹಿಡಿಯುವುದೇನು? ನಿಯಮ ಏನು ಹೇಳುತ್ತದೋ ಅದು. ಪುಸ್ತಕ ತನ್ನಿ" ಎಂದರು.

ಟೈಪಿಸ್ಟ್‌ನನ್ನು ಎಬ್ಬಿಸಿದೆ. ಅವನ ನೋಟವನ್ನು ಇವತ್ತಿಗೂ ಮರೆತಿಲ್ಲ. ಪುಸ್ತಕ ಇನ್ನೂ ಬೆಚ್ಚಗಿತ್ತು. ಸಾಹೇಬರ ಮೇಜಿನ ಮೇಲೆ ಇಟ್ಟು ಪುಟ ಹುಡುಕಿದೆವು. ನಿಯಮ ಎರಡೇ ಸಾಲಿನದು: ಕುಡಿಯುವ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಇಡಬೇಕು, ನಳದ ಮೂಲಕ ತೆಗೆಯಬೇಕು. ತಾಮ್ರವಿಲ್ಲ, ಹಿತ್ತಾಳೆಯಿಲ್ಲ. ಲೋಹದ ಸುದ್ದಿಯೇ ಇಲ್ಲ.

"ಹಾಗಾದರೆ ತಾಮ್ರ ಎಲ್ಲಿಂದ ಬಂತು?" ಎಂದರು ಸಾಹೇಬರು.

"ಪಡಸಾಲೆಯಿಂದ ಬಂತು ಸರ್" ಎಂದೆ. ಎಲ್ಲವನ್ನೂ ಹೇಳಿದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆ ಗಡಿಗೆಯಲ್ಲಿ ಬಿದ್ದಂತೆ ಆಗಿತ್ತು ನನ್ನ ಗತಿ.

ಸಾಹೇಬರು ನಿಟ್ಟುಸಿರು ಬಿಟ್ಟರು. "ಎಂಥ ಅನ್ಯಾಯ! ನಿಮ್ಮ ಮಾತು ಕೇಳಿ ಎಂಟು ಜನ ಬಡವರು ಸುಮ್ಮನೆ ಎಂಟು ತಾಮ್ರದ ಹಂಡೆ ಕೊಂಡುಬಿಟ್ಟರಲ್ಲ. ನಡೆಯಿರಿ, ನಾನೇ ಬಂದು ಒಬ್ಬೊಬ್ಬರ ಕ್ಷಮೆ ಕೇಳುತ್ತೇನೆ" ಎಂದು ಕೊಡೆ ತೆಗೆದುಕೊಂಡರು.

ಇವರು ಓಣಿಗೆ ಹೋದರೆ ಎಲ್ಲವೂ ಬಯಲಿಗೆ ಬರುತ್ತದೆ. ಬಾಯಿ ಮುಚ್ಚಿಕೊಂಡರೆ ಒಂದು ಗಳಿಗೆ ಉಳಿಯುತ್ತೇನೆ, ಅಷ್ಟೇ.

"ಎಂಟು ಅಲ್ಲ ಸರ್" ಎಂದೆ. "ಒಂದೇ."

"ಒಂದೇ ಎಂದರೆ?"

"ಹಂಡೆ ಒಂದೇ ಸರ್. ಕಾಸೀಮಸಾಬನ ಅಂಗಡಿಗೆ ಯಾರೋ ಕಲಾಯಿಗೆ ಕೊಟ್ಟದ್ದು. ಅದು ಮಾಳಿಗೆ ಮೇಲಿಂದ ನನಗಿಂತ ಮುಂದೆ ಮುಂದೆ ಹೋಗುತ್ತಿತ್ತು. ನಾನು ಚಹಾ ಕುಡಿಯುತ್ತಿದ್ದೆ."

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಅವರ ಭುಜ ಸ್ವಲ್ಪ ಅಲುಗುತ್ತಿತ್ತು, ಸಿಟ್ಟಿಗೋ ಮತ್ತೇತಕ್ಕೋ ನನಗೆ ತಿಳಿಯಲಿಲ್ಲ. ಕೊನೆಗೆ ಕನ್ನಡಕ ಹಾಕಿಕೊಂಡು ಹೇಳಿದರು: "ನಿಮ್ಮ ನೌಕರಿ ತೆಗೆಯಬೇಕು. ಆದರೆ ತೆಗೆದರೆ ಇನ್ನೊಬ್ಬ ಬರುತ್ತಾನೆ, ಅವನೂ ಪುಸ್ತಕ ಓದುವುದಿಲ್ಲ. ನೀವು ಬರುವ ಭಾನುವಾರ ಆ ಓಣಿಯಲ್ಲಿ ನಿಂತು, ಇಡೀ ಪುಸ್ತಕವನ್ನು, ಮೊದಲ ಪುಟದಿಂದ ಕೊನೆಯವರೆಗೆ, ಕನ್ನಡದಲ್ಲಿ ಎಲ್ಲರಿಗೂ ಓದಿ ಹೇಳಬೇಕು. ಹಂಡೆ ಮಣ್ಣಿನದಾದರೂ ಸರಿ, ಆದರೆ ನಳ ಇರಲೇಬೇಕು. ಒಂಬತ್ತೂ ಅಂಗಡಿಗಳಿಗೂ ಅದೇ ಸೋಮವಾರ ಗಡುವು. ಒಂದು ದಿನವೂ ಮುಂದೆ ಹೋಗುವುದಿಲ್ಲ."

ಭಾನುವಾರಕ್ಕೆ ಮೂರು ದಿನ ಇತ್ತು, ಗಡುವಿನ ಸೋಮವಾರಕ್ಕೆ ಹನ್ನೊಂದು.

ಭಾನುವಾರ ಮುಂಜಾನೆ ಚಹಾದಂಗಡಿಯ ಕಟ್ಟೆ ಹತ್ತಿ ನಿಂತೆ. ಓಣಿಯವರೆಲ್ಲ ನೆರಳು ಹಿಡಿದು ಕುಳಿತರು. ಮೊದಮೊದಲು ನಗು, ಸೀಟಿ. ಎಂಟೂ ಮಂದಿ ನನ್ನ ಮುಖ ನೋಡಿ, ಆಮೇಲೆ ಮಾಳಿಗೆ ನೋಡಿ, ಆಮೇಲೆ ತಮ್ಮ ಪಾದ ನೋಡಿಕೊಂಡರು. ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ನೀರಿನ ನಿಯಮ ಬಂತು. "ಮಣ್ಣಿಂದೂ ನಡೀತೈತಿ" ಎಂದಾಗ ಮಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮುಂದೆ ಗಟಾರದ ಪುಟ ಬಂತು. ಅಂಗಡಿ ಸಾಲಿನ ಮುಂದಿನ ಗಟಾರದ ಹೊಲಸನ್ನು ಕಚೇರಿಯೇ ತೆಗೆಸಬೇಕು, ಅಂಗಡಿಕಾರರು ಕೂಡಿ ಅರ್ಜಿ ಕೊಟ್ಟರೆ ಉತ್ತರ ಕೊಡಲೇಬೇಕು ಎಂದು ಅದರಲ್ಲಿತ್ತು. ಸೀಟಿ ನಿಂತಿತು.

"ಸಾಹೇಬ್ರ, ಆ ಗಟಾರದ್ದು ಮತ್ತೊಮ್ಮಿ ಓದ್ರಿ" ಎಂದ ಕಾಸೀಮಸಾಬ.

ಓದಿದೆ.

"ಇನ್ನೊಮ್ಮಿ. ಸಾವಕಾಶ."

ಮೂರು ಸಲ ಓದಿಸಿದರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿಯವರು ಅವರು. ಓದು ಮುಗಿಯುವಷ್ಟರಲ್ಲಿ ಅರ್ಜಿ ತಯಾರಾಗಿತ್ತು, ಎಂಟು ಅಂಗಡಿಯ ಸಹಿ, ಮಲ್ಲವ್ವನ ಹೆಬ್ಬೆಟ್ಟು. ಅದನ್ನು ಸಾಹೇಬರಿಗೆ ಮುಟ್ಟಿಸುವ ಕೆಲಸವೂ ನನಗೇ ಬಂತು. ಹೊಸಬರೇ, ಇದನ್ನು ಗಮನಿಸಿ: ನಿಯಮವನ್ನು ಜನರಿಗೆ ಪೂರ್ತಿ ಓದಿ ಹೇಳಿದರೆ ನಿಮ್ಮ ಕೆಲಸ ಹೆಚ್ಚುತ್ತದೆ. ಆದರೂ ಹೇಳಿ. ಆ ಗಟಾರ ಮುಂದಿನ ವಾರವೇ ಸ್ವಚ್ಛವಾಯಿತು, ಊರಲ್ಲಿ ಎಷ್ಟೋ ದಿನದಿಂದ ಕೇಳದಿದ್ದ ಮಾತು ಅದು.

ಇನ್ನು ಉಳಿದದ್ದು ಹರವಿಗೆ ನಳ ಕೂಡಿಸುವುದು. ಕೇಳಲು ಸುಲಭ. ಕಾಸೀಮಸಾಬ ಮೊದಲು ಮಲ್ಲವ್ವನ ಹಳೆಯ ಹರವಿಗೇ ಉಳಿಯಿಂದ ತೂತು ಹೊಡೆಯಲು ಹೋದ. ಹರವಿ ಎರಡು ಹೋಳಾಯಿತು. "ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ಅಂತಾರಲ್ಲ, ಅದು ಖರೇನ ನೋಡು" ಎಂದ ತಾನೇ. ಎರಡನೆಯದಕ್ಕೆ ತೂತು ಬಿತ್ತು, ನಟ್ಟು ಬಿಗಿಯುವಾಗ ಸೀಳಿತು. ಮಲ್ಲವ್ವನಿಗೆ ಇದ್ದ ಎರಡೂ ಹರವಿ ಹೋದವು. ಶುಕ್ರವಾರ ನಾನು ಹೋದಾಗ ಆಕೆ ಪಾತ್ರೆಗಳನ್ನು ಒಂದು ಗೋಣಿಚೀಲಕ್ಕೆ ತುಂಬುತ್ತಿದ್ದಳು.

"ಇದೇನು?" ಎಂದೆ.

"ಚಕ್ಕಡಿ ಬರೂ ದಿನ ಹುಡುಕ್ಯಾಡಬಾರದಲ್ರಿ" ಎಂದಳು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕಾಸೀಮಸಾಬ ಅದನ್ನು ನೋಡಿದವನೇ ಮಾದರಿಗೆಂದು ಹಿತ್ತಾಳೆಯ ನಳವೊಂದನ್ನು ಜೇಬಿಗೆ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದ. ನಾನೂ ರಜೆ ಹಾಕಿ ಜೊತೆಗೆ ಹೋದೆ. ಅಲ್ಲಿಯ ಕುಂಬಾರ ಸಂಗಪ್ಪ ಮುದುಕ, ಕಿವಿ ಮಂದ, ಕೈ ಮಾತ್ರ ಚುರುಕು. ನಳ ತಿರುಗಿಸಿ ನೋಡಿ ನಮ್ಮಿಬ್ಬರನ್ನೂ ಚೆನ್ನಾಗಿ ಬೈದ.

"ಬೆಂದ ಗಡಗೀಗೆ ಯಾರರ ತೂತ ಹೊಡೀತಾರೇನ್ಲೇ? ಹಸೀ ಮಣ್ಣ ಇದ್ದಾಗ ಬಾಯಿ ಇಡಬೇಕು, ಬಾಯಿ ಸುತ್ತ ದಪ್ಪ ತುಟಿ ಇಡಬೇಕು, ಆಮ್ಯಾಲ ಸುಡಬೇಕು. ಬರೇ ಕಾಗದ ಬರ್ಯಾಂವಗ ಇದು ತಿಳೀದಿದ್ರ ಇರ್ಲಿ, ನೀ ಪಾತ್ರೆದಾಂವ, ನಿನಗೂ ತಿಳೀಲಿಲ್ಲ?"

ಹಸಿ ಹರವಿಗಳು ಒಣಗಲು ಇಟ್ಟಿದ್ದವು, ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಅವಕ್ಕೇ ಬಾಯಿ ಕೊರೆದು, ಸುತ್ತ ಮಣ್ಣಿನ ತುಟಿ ಮೆತ್ತಿದ. ಬಿಸಿಲು ಅಂಥದ್ದಿತ್ತು, ಒಂದೇ ದಿನಕ್ಕೆ ಒಣಗಿದವು. ಶನಿವಾರ ಗಡಿಗೆ ಸುಡುವ ಆವಿಗೆಗೆ ಬೆಂಕಿ ಬಿತ್ತು. ಹನ್ನೆರಡು ಸುಟ್ಟ, ಹತ್ತು ಉಳಿದವು. ಭಾನುವಾರ ಹುಲ್ಲು ಹಾಸಿದ ಚಕ್ಕಡಿಯಲ್ಲಿ ವಿಜಾಪುರಕ್ಕೆ ತರುವಾಗ ಒಂದು ಒಡೆಯಿತು. ಒಂಬತ್ತು ಓಣಿಗೆ ಬಂದು ನಿಂತವು. ಚಪ್ಪಲಿ ಹೊಲಿಯುವವನ ಹತ್ತಿರ ತೊಗಲಿನ ಬಿಲ್ಲೆ ಕೊಯ್ಸಿಕೊಂಡು, ಒಳಗೊಂದು ಹೊರಗೊಂದು ಇಟ್ಟು, ಕಾಸೀಮಸಾಬ ಉಸಿರು ಬಿಗಿಹಿಡಿದು ನಟ್ಟು ತಿರುಗಿಸಿದ. ಮೊದಲ ಹರವಿಯಲ್ಲಿ ನೀರು ಹೊಯ್ದು ಎಲ್ಲರೂ ಸುತ್ತ ಕುಳಿತು ಕೆಳಗೆ ನೋಡಿದೆವು. ಒಂದು ಹನಿ ಬರಲಿಲ್ಲ. ಆಮೇಲೆ ನಳ ತಿರುಗಿಸಿದೆವು, ನೀರು ಸಳಸಳ ಬಂತು. ನಾನು ಚಿಕ್ಕ ಹುಡುಗನಂತೆ ಚಪ್ಪಾಳೆ ತಟ್ಟಿದೆ.

ಸೋಮವಾರ ಹತ್ತು ಗಂಟೆಗೆ ನರಸಿಂಹಯ್ಯ ಸಾಹೇಬರು ಬಂದರು. ಓಣಿಯ ತಿರುವಿನಲ್ಲಿ ಅಷ್ಟೊತ್ತಿಗಾಗಲೇ ಶಿವಲಿಂಗನ ಚಕ್ಕಡಿ ನಿಂತಿತ್ತು, ಎತ್ತು ಬಿಚ್ಚಿ ಕಟ್ಟಿದ್ದ. ಅವನು ಖಾನಾವಳಿಯ ಮಣೆಯ ಮೇಲೆ ಕುಳಿತು, ಬೀಗ ಹಾಕುವವರು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದ.

"ಎಲ್ಲಿಂದ ಆರಂಭಿಸೋಣ ಸರ್?" ಎಂದೆ.

"ನೀವು ಕೆಳಗೆ ನೋಡಿಕೊಂಡು ಬನ್ನಿ. ಚಹಾ ಮಾತ್ರ ಕುಡಿಯಬೇಡಿ" ಎಂದರು. ಬೂಟು ಕಳಚಿ, ಏಣಿ ಹತ್ತಿ, ಮಾಳಿಗೆಯ ಮೇಲೆ ಹೋಗಿ ಕೊಡೆ ಬಿಚ್ಚಿಕೊಂಡು ಕುಳಿತುಬಿಟ್ಟರು. ಓಣಿಯೆಲ್ಲ ಕತ್ತೆತ್ತಿ ನೋಡಿತು. ನಾನು ಎಂಟು ಅಂಗಡಿ ನೋಡಿ ಮುಗಿಸುವ ತನಕ ಆ ಕಪ್ಪು ಕೊಡೆ ಬಿಸಿಲಲ್ಲಿ ಅಲ್ಲಾಡದೆ ಕುಳಿತಿತ್ತು. ಒಂದು ಹರವಿಯೂ ಅಲುಗಲಿಲ್ಲ. ಎಂಟೂ ಅಂಗಡಿಗೆ ಎಂಟು ಹರವಿ. ಎಂಟನೆಯದರಲ್ಲಿ ಸವಳು ನೀರೇ ಇತ್ತು, ನನಗೆ ಅದು ಅಮೃತವೆನಿಸಿತು.

ಸಾಹೇಬರು ಬೆವತು ಇಳಿದು ಬಂದು ಮಲ್ಲವ್ವನ ಖಾನಾವಳಿಗೆ ತಾವೇ ನಡೆದರು. ಮುಚ್ಚಳ ನೋಡಿದರು, ಬಗ್ಗಿ ನಳ ನೋಡಿದರು. ಲೋಟ ಹಿಡಿದು ತಿರುಗಿಸಿದರು. ಕುಡಿದರು. ಇನ್ನೊಂದು ಲೋಟ ಕುಡಿದರು. ಮೂರನೆಯದು ಮುಗಿಸಿ, "ನಮ್ಮ ಪಡಸಾಲೆಗೂ ಇಂಥದೊಂದು ತರಿಸಿ, ಈರಪ್ಪನವರೇ" ಎಂದರು. ಅಲ್ಲೇ ಗೋಡೆಗೆ ಒತ್ತಿ ಪರವಾನಗಿಗೆ ಸಹಿ ಹಾಕಿದರು. ನಾನು ಮೈಸೂರು ಮೊಹರು ಒತ್ತಿ, ಹೊಡೆದು, ಕರ್ನಾಟಕ ಬರೆದುಕೊಟ್ಟೆ. ಮಲ್ಲವ್ವ ಕಾಗದವನ್ನು ತಿರುವಿ ತಿರುವಿ ನೋಡಿದಳು. ಆಮೇಲೆ ಗೋಣಿಚೀಲ ಬಿಚ್ಚಿ ತಾಟುಗಳನ್ನು ಒಂದೊಂದಾಗಿ ಹೊರಗೆ ತೆಗೆದಳು.

"ಉಂಡ ಹೋಗ್ರಿ ಎಲ್ಲಾರೂ" ಎಂದಳು.

ಸಾಹೇಬರು ಪ್ಯಾಂಟು ಮೇಲೆತ್ತಿಕೊಂಡು ಮಣೆಯ ಮೇಲೆ ಕುಳಿತರು. ಅವರ ಪಕ್ಕ ನಾನು, ನನ್ನ ಪಕ್ಕ ಶಿವಲಿಂಗ. ಬಿಸಿ ರೊಟ್ಟಿ ಬಂದವು, ಬದನೆಕಾಯಿ ಬಂತು. ಸಾಹೇಬರು ಖಾರಕ್ಕೆ ಕಣ್ಣೀರು ಹಾಕುತ್ತ ಮೂರು ರೊಟ್ಟಿ ತಿಂದರು. ಊಟ ಮುಗಿಸಿ ಏಳುವಾಗ ಮಲ್ಲವ್ವ ಒಲೆಯ ಮುಂದಿನಿಂದಲೇ ಹೇಳಿದಳು, "ಸಾಹೇಬ್ರ, ನಮ್ಮಲ್ಲಿ ಉಂಡವ್ರು ತಮ್ಮ ತಾಟ ತಾವ ತೊಳದಿಡ್ತಾರ್ರಿ. ಕಲ್ಲು ಅಲ್ಲೈತಿ."

ಸಾಹೇಬರು ನಿಂತರು. "ಇದೂ ನಿಯಮವೇನಮ್ಮ?"

"ಹೌದ್ರಿ. ನಂದು."

ಸಾಹೇಬರು ಬಗ್ಗಿ ತಾಟು ಎತ್ತಿಕೊಂಡು ಕಲ್ಲಿನ ಹತ್ತಿರ ಹೋಗಿ ತೊಳೆದರು. ಅವರ ಹಿಂದೆ ನಾನೂ ತೊಳೆದೆ.

ಶಿವಲಿಂಗ ತಾಟಿನಲ್ಲೇ ಕೈ ತೊಳೆದು, ತಲೆಯ ಪಟಗಾ ಸರಿಮಾಡಿಕೊಂಡು ಎದ್ದಿದ್ದ. "ಅಕ್ಕಾ, ನಾ ಎತ್ತ ಹೂಡ್ತ..." ಎನ್ನುತ್ತ ಬಾಗಿಲ ಕಡೆ ಹೊರಟಿದ್ದ. ತಾಟು ಮಣೆಯ ಮುಂದೆ ಹಾಗೆಯೇ ಇತ್ತು.

ಮಲ್ಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಶಿವಲಿಂಗಾ," ಎಂದಳು, "ಮೊದಲ ತಾಟ ತೊಳಿ. ಆಮ್ಯಾಲ ಎತ್ತ ಹೂಡು."